ಹಲ್ಲಿನ ಬೇರಿನೊಳಗೆ ಅರಿಸಿನ

ಕೆಳದವಡೆಯ ಮೊದಲ ದವಡೆಹಲ್ಲಿಗೆ ಎರಡು ಬೇರು, ಮೂರು ನಾಳ ಎಂದು ಪಠ್ಯಪುಸ್ತಕದ ಚಿತ್ರ ಹೇಳುತ್ತದೆ. ಅದೇ ಬೇರನ್ನು ಅಡ್ಡಕ್ಕೆ ಕೊಯ್ದು ಸೂಕ್ಷ್ಮದರ್ಶಕದಡಿ ಇಟ್ಟರೆ ಚಿತ್ರ ಅಷ್ಟು ಸರಳವಾಗಿ ಉಳಿಯುವುದಿಲ್ಲ. ಒಂದು ನಾಳಕ್ಕೂ ಇನ್ನೊಂದಕ್ಕೂ ನಡುವೆ ಕೂದಲೆಳೆಯಷ್ಟು ಸಪೂರವಾದ ಓಣಿಗಳಿರುತ್ತವೆ, ಗೋಡೆಯಿಂದ ಕವಲುಗಳು ಹೊರಡುತ್ತವೆ, ಬೇರಿನ ತುದಿಗೆ ಬಂದಾಗ ನಾಳ ಒಂದೇ ಬಾಯಿಯಲ್ಲಿ ಕೊನೆಯಾಗದೆ ಹಲವು ಸೀಳಾಗಿ ಹೊರಬೀಳುತ್ತದೆ. ರೂಟ್ ಕೆನಾಲ್ ಚಿಕಿತ್ಸೆಯಲ್ಲಿ ನಾಳ ಉಜ್ಜುವ, ದಂತವೈದ್ಯರ ಕೈಯ ಲೋಹದ ಫೈಲು ಎಷ್ಟೇ ನಯವಾಗಿ ಬಳುಕಲಿ, ಅದು ನಾಳದ ಮಧ್ಯದಲ್ಲಿ ಒಂದು ದುಂಡನೆಯ ದಾರಿ ಕೊರೆದು ಬರಬಹುದು ಅಷ್ಟೆ. ಪೀಟರ್ಸ್ ಮತ್ತು ಸಂಗಡಿಗರು 2001ರಲ್ಲಿ ಸೂಕ್ಷ್ಮ ಸಿ.ಟಿ. ಸ್ಕ್ಯಾನ್ ಮಾಡಿ ನೋಡಿದಾಗ, ಯಾವ ಬಗೆಯ ಫೈಲು ಬಳಸಿದರೂ ನಾಳದ ಗೋಡೆಯಲ್ಲಿ ಶೇಕಡ 35ರಷ್ಟು ಅಥವಾ ಇನ್ನೂ ಹೆಚ್ಚು ಭಾಗವನ್ನು ಲೋಹ ಮುಟ್ಟಿಯೇ ಇರಲಿಲ್ಲ. ಪಿ.ಎನ್.ಆರ್. ನಾಯರ್ ಮತ್ತು ಸಹೋದ್ಯೋಗಿಗಳು 2005ರಲ್ಲಿ ಒಂದೇ ಭೇಟಿಯಲ್ಲಿ ಚಿಕಿತ್ಸೆ ಮುಗಿಸಿದ 16 ದವಡೆಹಲ್ಲುಗಳ ಬೇರಿನ ತುದಿಯನ್ನು ಪರೀಕ್ಷಿಸಿದರು. 14ರಲ್ಲಿ ಸೂಕ್ಷ್ಮಾಣುಗಳು ಇನ್ನೂ ಕುಳಿತಿದ್ದವು, ಹೆಚ್ಚಾಗಿ ಆ ಓಣಿ ಕವಲುಗಳಲ್ಲೇ. ಇದರ ಜೊತೆಗೆ ಹಲ್ಲಿನ ಗಟ್ಟಿ ಒಡಲಾದ ಡೆಂಟಿನ್‌ ತುಂಬ ಹಬ್ಬಿರುವ ಸೂಕ್ಷ್ಮ ಕೊಳವೆಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹಲ್ಲಿನೊಳಗಿನ ಮೃದು ತಿರುಳಿನ ಪಕ್ಕದಲ್ಲಿ ಒಂದು ಚದರ ಮಿಲಿಮೀಟರಿಗೆ ಸುಮಾರು 45,000 ಕೊಳವೆಗಳಿರುತ್ತವೆ. ಒಂದೊಂದರ ಬಾಯಿ ಎರಡು ಮೂರು ಮೈಕ್ರಾನ್ ಅಗಲ, ಒಂದು ಬ್ಯಾಕ್ಟೀರಿಯಾ ಆರಾಮಾಗಿ ನುಸುಳುವಷ್ಟು. ಲೋಹ ಹೋಗದ ಇಷ್ಟೆಲ್ಲ ಜಾಗಕ್ಕೆ ಹೋಗಬಲ್ಲದ್ದು ದ್ರಾವಣ ಮಾತ್ರ. ಹಾಗಾಗಿ ನಾಳವನ್ನು ತೊಳೆಯುವ ದ್ರಾವಣ ಯಾವುದು, ಅದಕ್ಕೆ ಏನು ಬೆರೆಸಬೇಕು ಎಂಬ ಪ್ರಶ್ನೆಯ ಮೇಲೆ ಆ ಹಲ್ಲಿನ ಆಯುಷ್ಯವೇ ನಿಂತಿದೆ.

ಬೇರಿನ ತುದಿಯ ಕೀವಿಗೆ ಕಾರಣ ಸೂಕ್ಷ್ಮಾಣುಗಳೇ ಎಂಬುದು 1965ರಿಂದೀಚೆಗೆ ವಾದದ ವಿಷಯವಾಗಿ ಉಳಿದಿಲ್ಲ. ಆ ವರ್ಷ ಅಮೆರಿಕದಲ್ಲಿ ಕಾಕೆಹಾಶಿ ಮತ್ತು ಸಂಗಡಿಗರು ಎರಡು ಬಗೆಯ ಇಲಿಗಳ ಹಲ್ಲನ್ನು ಕೊರೆದು ತಿರುಳನ್ನು ಬಾಯಿಗೆ ತೆರೆದಿಟ್ಟರು. ಮಾಮೂಲಿ ಇಲಿಗಳಲ್ಲಿ ತಿರುಳು ಸತ್ತು ಬೇರಿನ ತುದಿಯಲ್ಲಿ ಬಾವು ಬಂತು. ಹುಟ್ಟಿನಿಂದಲೇ ಸೂಕ್ಷ್ಮಾಣುಗಳಿಲ್ಲದಂತೆ ಸಾಕಿದ ಇಲಿಗಳಲ್ಲಿ ಆ ತೂತಿನ ಮೇಲೆ ಹೊಸ ಡೆಂಟಿನ್ ಸೇತುವೆ ಕಟ್ಟಿಕೊಂಡಿತು. 1980ರ ದಶಕದ ಆರಂಭದಲ್ಲಿ ಸ್ವೀಡನ್ನಿನ ಬಿಸ್ಟ್ರೋಮ್ ಮತ್ತು ಸುಂಡ್‌ಕ್ವಿಸ್ಟ್ ಅವರು ಉಪ್ಪುನೀರಿನಿಂದ ತೊಳೆದ ನಾಳಗಳಿಗಿಂತ ಬರೀ 0.5 ಶೇಕಡ ಸೋಡಿಯಂ ಹೈಪೋಕ್ಲೋರೈಟಿನಿಂದ ತೊಳೆದ ನಾಳಗಳು ಹೆಚ್ಚು ಶುದ್ಧವಾಗುತ್ತವೆ ಎಂದು ರೋಗಿಗಳ ಹಲ್ಲಿನಲ್ಲೇ ತೋರಿಸಿದರು. ಈ ಹೈಪೋಕ್ಲೋರೈಟ್ ನಮಗೆ ಹೊಸದಲ್ಲ, ನೆಲ ಒರೆಸುವ, ಬಟ್ಟೆಗೆ ಬಿಳುಪು ಕೊಡುವ ಬ್ಲೀಚ್ ಇದೇ. ಮೊದಲ ಮಹಾಯುದ್ಧದಲ್ಲಿ ರಸಾಯನಜ್ಞ ಹೆನ್ರಿ ಡೇಕಿನ್ ಮತ್ತು ಶಸ್ತ್ರವೈದ್ಯ ಅಲೆಕ್ಸಿಸ್ ಕ್ಯಾರೆಲ್ ಸೈನಿಕರ ಕೊಳೆಯುತ್ತಿದ್ದ ಗಾಯಗಳನ್ನು ಇದರಿಂದ ತೊಳೆದರು. ಸತ್ತ ಮಾಂಸವನ್ನು ಅದು ಕರಗಿಸುತ್ತದೆ ಎಂಬ ಗುಣವೇ ಅದನ್ನು ಹಲ್ಲಿನೊಳಕ್ಕೂ ತಂದಿತು. ನಾಳದಲ್ಲಿ ದ್ರಾವಣಕ್ಕೆ ಮೂರು ಕೆಲಸ: ಸೂಕ್ಷ್ಮಾಣುಗಳನ್ನು ಕೊಲ್ಲುವುದು, ಓಣಿಗಳಲ್ಲಿ ಉಳಿದ ಸತ್ತ ತಿರುಳನ್ನು ಕರಗಿಸುವುದು, ಫೈಲು ಉಜ್ಜಿದಾಗ ಗೋಡೆಗೆ ಮೆತ್ತಿಕೊಂಡ ಡೆಂಟಿನ್ ಹಿಟ್ಟಿನ ಪದರವನ್ನು ಬಿಡಿಸುವುದು. ಮೊದಲ ಎರಡನ್ನು ಹೈಪೋಕ್ಲೋರೈಟ್ ಮಾಡುತ್ತದೆ. ಮೂರನೆಯದಕ್ಕೆ 1957ರಲ್ಲಿ ನ್ಯೂಗಾರ್ಡ್-ಓಸ್ಟ್‌ಬಿ ತಂದ ಇಡಿಟಿಎ ಬೇಕು. ಅದು ಕ್ಯಾಲ್ಸಿಯಮ್ಮನ್ನು ಹಿಡಿದು ಎಳೆದುಕೊಳ್ಳುತ್ತದೆ.

ಹೈಪೋಕ್ಲೋರೈಟಿನ ತಪ್ಪುಗಳೂ ಸಣ್ಣವಲ್ಲ. ಅದಕ್ಕೆ ಘಾಟು ವಾಸನೆ ಇದೆ, ಬಟ್ಟೆ ಮೇಲೆ ಬಿದ್ದರೆ ಬಣ್ಣ ಹೋಗುತ್ತದೆ. ಸತ್ತದ್ದು ಯಾವುದು, ಬದುಕಿದ್ದು ಯಾವುದು ಎಂಬ ಭೇದ ಅದಕ್ಕಿಲ್ಲದ ಕಾರಣ ಬೇರಿನ ತುದಿ ದಾಟಿ ಹೊರಗೆ ಹೋದರೆ ನಿಮಿಷಗಳಲ್ಲಿ ತೀವ್ರ ನೋವು, ಮುಖದ ಊತ, ಚರ್ಮದಡಿ ರಕ್ತಸ್ರಾವ. ಹೆಚ್ಚು ಸಾಂದ್ರತೆಯಲ್ಲಿ ಅದು ಡೆಂಟಿನ್ನಿನ ಕೊಲಾಜನ್ನನ್ನೂ ತಿಂದು ಹಲ್ಲನ್ನು ದುರ್ಬಲಗೊಳಿಸುತ್ತದೆ. ಇಂಥ ಒರಟು ಆಳಿನ ಬದಲಿಗೆ, ಅಥವಾ ಅದರ ಜೊತೆಗೆ, ಸೌಮ್ಯವಾದದ್ದೊಂದು ಸಿಗಬಹುದೇ ಎಂದು ಗಿಡಮೂಲಿಕೆಗಳತ್ತ ಕಣ್ಣು ಹೋಗಿದ್ದು ಸಹಜ. ಭಾರತದ ದಂತ ವೈದ್ಯಕೀಯ ಕಾಲೇಜುಗಳಲ್ಲಂತೂ ಇದು ಅಚ್ಚುಮೆಚ್ಚಿನ ಸಂಶೋಧನಾ ವಿಷಯ. ಬೇವು, ತುಳಸಿ, ಅರಿಸಿನ, ಲೋಳೆಸರ, ತ್ರಿಫಲ, ಹಸಿರು ಚಹಾ, ನೋನಿ ಹೀಗೆ ಪಟ್ಟಿ ಬೆಳೆಯುತ್ತದೆ. ಈ ಬಗೆಯ ಸಂಶೋಧನೆಯಲ್ಲಿ ಗಟ್ಟಿ ಕೆಲಸವೂ ಇದೆ. 2008ರಲ್ಲಿ ಫ್ಲಾರಿಡಾದಲ್ಲಿ ಮರ್ರೆ ಮತ್ತು ಸಂಗಡಿಗರು ನೋನಿ ರಸದಿಂದ ತೊಳೆದು ಕೊನೆಗೆ ಇಡಿಟಿಎ ಹಾಯಿಸಿದರೆ ನಾಳದ ಗೋಡೆಯ ಹಿಟ್ಟು ಹೈಪೋಕ್ಲೋರೈಟ್-ಇಡಿಟಿಎ ಜೋಡಿಯಷ್ಟೇ ಚೆನ್ನಾಗಿ ಹೋಗುತ್ತದೆ ಎಂದು ವರದಿ ಮಾಡಿದರು. 2010ರಲ್ಲಿ ಚೆನ್ನೈನ ಪ್ರಭಾಕರ್ ಮತ್ತು ತಂಡ, ಮೊಂಡ ಬ್ಯಾಕ್ಟೀರಿಯಾ ಎಂದೇ ಹೆಸರಾದ ಎಂಟರೋಕಾಕಸ್ ಫೀಕಾಲಿಸ್ ಅನ್ನು ಹಲ್ಲಿನ ತುಣುಕುಗಳ ಮೇಲೆ ವಾರಗಟ್ಟಲೆ ಬೆಳೆಸಿ, ಅದು ಕಟ್ಟಿಕೊಂಡ ಲೋಳೆಪದರದ (ಬಯೋಫಿಲ್ಮ್) ಮೇಲೆ ತ್ರಿಫಲ ಮತ್ತು ಹಸಿರು ಚಹಾದ ಪಾಲಿಫಿನಾಲುಗಳನ್ನು ಪರೀಕ್ಷಿಸಿತು. ಎರಡೂ ಗಣನೀಯವಾಗಿ ಕೆಲಸ ಮಾಡಿದವು, ಲೋಳೆಪದರದ ಮೇಲೆ ತ್ರಿಫಲ ಚಹಾಕ್ಕಿಂತ ಮುಂದೆ ಇತ್ತು. ಎಲ್ಲಕ್ಕಿಂತ ಮುಂದೆ ಇದ್ದದ್ದು 5 ಶೇಕಡ ಹೈಪೋಕ್ಲೋರೈಟ್. ಈ ಫಲಿತಾಂಶಗಳನ್ನು ಉಲ್ಲೇಖಿಸುವವರು ಮೊದಲನೆಯ ಪ್ರಯೋಗದಲ್ಲಿ ಇಡಿಟಿಎ ಇದ್ದದ್ದನ್ನೂ ಎರಡನೆಯದರಲ್ಲಿ ಹೈಪೋಕ್ಲೋರೈಟ್ ಗೆದ್ದದ್ದನ್ನೂ ಬಿಟ್ಟುಬಿಡುವುದು ನ್ಯಾಯವಲ್ಲ, ಆ ಸಂಶೋಧಕರಿಗೂ ಅಲ್ಲ.

ಗಿಡಮೂಲಿಕೆ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆಯೇ ಎಂದರೆ ಹೌದು, ಅನೇಕವು ಕೊಲ್ಲುತ್ತವೆ. ಗಿಡಗಳು ಶಿಲೀಂಧ್ರ, ಬ್ಯಾಕ್ಟೀರಿಯಾಗಳ ನಡುವೆ ಕೋಟ್ಯಂತರ ವರ್ಷ ಬದುಕಿ ಬಂದಿವೆ, ಅವುಗಳ ಬಳಿ ಆಯುಧಗಳಿಲ್ಲದೆ ಇರಲು ಸಾಧ್ಯವಿಲ್ಲ. ಆದರೆ ಹೆಚ್ಚಿನ ಪ್ರಯೋಗಗಳು ಈ ಸಾಮರ್ಥ್ಯವನ್ನು ಅಳೆಯುವುದು ಅಗಾರ್ ತಟ್ಟೆಯ ಮೇಲೆ. ಬ್ಯಾಕ್ಟೀರಿಯಾ ಹರಡಿದ ತಟ್ಟೆಯಲ್ಲಿ ಗುಂಡಿ ಮಾಡಿ ಕಷಾಯ ಹಾಕಿ, ಒಂದು ದಿನ ಬಿಟ್ಟು, ಸುತ್ತಲೂ ಎಷ್ಟು ಅಗಲಕ್ಕೆ ಬೆಳವಣಿಗೆ ನಿಂತಿದೆ ಎಂದು ನೋಡುತ್ತಾರೆ. ಆ ವರ್ತುಲದ ಅಗಲ, ಪದಾರ್ಥ ಎಷ್ಟು ಕೊಲ್ಲುತ್ತದೆ ಎಂಬುದನ್ನಷ್ಟೇ ಹೇಳುವುದಿಲ್ಲ. ಅದು ಅಗಾರಿನ ನೀರಿನಲ್ಲಿ ಎಷ್ಟು ಬೇಗ ಹರಡುತ್ತದೆ ಎಂಬುದನ್ನೂ ಹೇಳುತ್ತದೆ. ನೀರಿನಲ್ಲಿ ಕರಗದ, ಅರಿಸಿನದ ಹಳದಿ ಅಂಶವಾದ ಕರ್ಕ್ಯುಮಿನ್ ಇಲ್ಲಿ ಸುಮ್ಮನೆ ಸೋಲಬಹುದು, ಸಲೀಸಾಗಿ ಹರಡುವ ದುರ್ಬಲ ಪದಾರ್ಥ ಗೆಲ್ಲಬಹುದು. ಕರಗದ್ದನ್ನು ಕರಗಿಸಲು ಆಲ್ಕೊಹಾಲನ್ನೋ ಡಿಎಂಎಸ್‌ಓ ಎಂಬ ದ್ರಾವಕವನ್ನೋ ಬಳಸಿದಾಗ ಕೊಂದದ್ದು ಎಲೆಯೋ ದ್ರಾವಕವೋ ಎಂದು ಬೇರ್ಪಡಿಸಿ ನೋಡಬೇಕಾಗುತ್ತದೆ. ತಟ್ಟೆಯಲ್ಲಿ ಕಷಾಯಕ್ಕೆ ಇಪ್ಪತ್ತನಾಲ್ಕು ಗಂಟೆ ಸಿಗುತ್ತದೆ, ಕುರ್ಚಿಯಲ್ಲಿ ಬಾಯಿ ತೆರೆದು ಕೂತ ರೋಗಿಯ ನಾಳದಲ್ಲಿ ಅರ್ಧ ಗಂಟೆ ಸಿಕ್ಕರೆ ಹೆಚ್ಚು. ತಟ್ಟೆಯಲ್ಲಿ ಹಲ್ಲೂ ಇಲ್ಲ. ಫಿನ್‌ಲೆಂಡ್ ಮೂಲದ ಹಾಪಸಾಲೊ ಮತ್ತು ಸಂಗಡಿಗರು 2000ದಲ್ಲಿ ಪರೀಕ್ಷಾ ದ್ರಾವಣಗಳಿಗೆ ಡೆಂಟಿನ್ ಪುಡಿ ಬೆರೆಸಿ ನೋಡಿದಾಗ, ಪರೀಕ್ಷಿಸಿದ ಎಲ್ಲ ಸೋಂಕುನಿವಾರಕಗಳ ಬಲವೂ ಕುಗ್ಗಿತು. ಹೈಪೋಕ್ಲೋರೈಟಿನದೂ ಕುಗ್ಗಿತು. ತ್ರಿಫಲದ ಅಳಲೆಕಾಯಿ, ತಾರೆಕಾಯಿ, ನೆಲ್ಲಿಕಾಯಿಗಳ ವಿಷಯದಲ್ಲಿ ಈ ಅಡ್ಡಿ ಇನ್ನೂ ದೊಡ್ಡದಾಗಿರಬೇಕೆಂದು ಊಹಿಸಲು ಕಾರಣವಿದೆ. ಅವುಗಳ ಬಲವಿರುವುದು ಟ್ಯಾನಿನ್ನುಗಳಲ್ಲಿ. ನೆಲ್ಲಿಕಾಯಿ ಕಚ್ಚಿದಾಗ ಬಾಯಿ ಒಗರಾಗುವುದು ಟ್ಯಾನಿನ್ ಜೊಲ್ಲಿನ ಪ್ರೋಟೀನುಗಳನ್ನು ಹಿಡಿದು ಹೆಪ್ಪುಗಟ್ಟಿಸುವುದರಿಂದ. ನಾಳದೊಳಗೆ ಅದಕ್ಕೆ ಮೊದಲು ಸಿಗುವ ಪ್ರೋಟೀನು ಬ್ಯಾಕ್ಟೀರಿಯಾದ್ದಾಗಿರಬೇಕೆಂದೇನೂ ಇಲ್ಲ. ಸತ್ತ ತಿರುಳು ಮತ್ತು ಡೆಂಟಿನ್ನಿನ ಕೊಲಾಜನ್ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರುತ್ತವೆ. ತೊಗಲನ್ನು ಹದ ಮಾಡುವ ಪದಾರ್ಥ ತೊಗಲಿನಂಥದ್ದನ್ನು ಕರಗಿಸುವುದಿಲ್ಲ, ಗಟ್ಟಿ ಮಾಡುತ್ತದೆ. ನಾಳದ ಮೂರು ಕೆಲಸಗಳಲ್ಲಿ ಎರಡನೆಯದಕ್ಕೆ ಇದು ತದ್ವಿರುದ್ಧ.

ಹಾಗಾದರೆ ಬದಲಿಗೆ ಬೇಡ, ಹೈಪೋಕ್ಲೋರೈಟಿಗೇ ಗಿಡಮೂಲಿಕೆ ಬೆರೆಸಿದರೆ ಎರಡರ ಗುಣವೂ ಸಿಗುವುದಿಲ್ಲವೇ? ನನ್ನ ವಾದದ ನಡುಗಂಬ ಇಲ್ಲಿದೆ. ಆರತಿ ತಟ್ಟೆಯ ನೀರಿಗೆ ಅರಿಸಿನ ಕದಡಿ ಚೂರು ಸುಣ್ಣ ಹಾಕಿದ ಕೂಡಲೇ ಓಕುಳಿ ಕೆಂಪೇರುವುದು ನಮ್ಮ ಮನೆಗಳಲ್ಲಿ ಎಲ್ಲರೂ ಕಂಡ ರಸಾಯನಶಾಸ್ತ್ರ. ಕ್ಷಾರ ಸಿಕ್ಕಿದೊಡನೆ ಕರ್ಕ್ಯುಮಿನ್ ಅಣುವಿನ ರೂಪ ಬದಲಾಗುತ್ತದೆ, ಹಾಗೇ ಬಿಟ್ಟರೆ ಅದು ಒಡೆಯುತ್ತ ಹೋಗುತ್ತದೆ. ಬಿಳಿ ಪಂಚೆಯ ಮೇಲಿನ ಅರಿಸಿನದ ಕಲೆ ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಮಾಯವಾಗುವುದೂ ಎಲ್ಲರಿಗೂ ಗೊತ್ತು. ನಾಳ ತೊಳೆಯುವ ಹೈಪೋಕ್ಲೋರೈಟ್ ಈ ಎರಡೂ ಆಗಿದೆ: ಅದರ ಪಿಎಚ್ 11ರಿಂದ 12, ಅಂದರೆ ಹೆಚ್ಚುಕಡಿಮೆ ಸುಣ್ಣದ ತಿಳಿಯಂತೆ ಕ್ಷಾರ, ಜೊತೆಗೆ ಅದೇ ಬ್ಲೀಚ್. ಅದರಲ್ಲಿ ಅರಿಸಿನದ ಸಾರ ಬೆರೆಸುವುದೆಂದರೆ ಕಲೆ ತೆಗೆಯುವ ನೀರಿನೊಳಗೆ ಕಲೆಯನ್ನೇ ಸುರಿದಂತೆ. ಕಲೆ ಹೋಗುತ್ತದೆ, ಅಂದರೆ ಕರ್ಕ್ಯುಮಿನ್ ನಾಶವಾಗುತ್ತದೆ. ಕಲೆ ತೆಗೆಯಲು ಖರ್ಚಾದ ಕ್ಲೋರಿನ್ ಕೂಡ ಹೋಗುತ್ತದೆ. ಚಹಾ, ತ್ರಿಫಲ, ದ್ರಾಕ್ಷಿಬೀಜ ಯಾವುದಾದರೂ ಅಷ್ಟೆ. ನಾವು ಇವುಗಳನ್ನು 'ಆ್ಯಂಟಿ ಆಕ್ಸಿಡೆಂಟ್' ಎಂದು ಹೊಗಳುತ್ತೇವೆ. ಹೈಪೋಕ್ಲೋರೈಟ್ ಕೆಲಸ ಮಾಡುವುದೇ ಆಕ್ಸಿಡೆಂಟ್ ಆಗಿ. ಒಂದರ ಗುಣ ಇನ್ನೊಂದರ ಗುಣವನ್ನು ಕಳೆಯುತ್ತದೆ ಎಂಬುದು ಹೆಸರಿನಲ್ಲೇ ಬರೆದಿದೆ. ಕುಡಿಯುವ ನೀರು ಶುದ್ಧಗೊಳಿಸುವ ಎಂಜಿನಿಯರುಗಳು ಇದನ್ನು ಬಹಳ ಕಾಲದಿಂದ ಬಲ್ಲರು. ಕೊಳೆತ ಎಲೆಯ ಅಂಶವಿರುವ ಕೆರೆನೀರಿಗೆ ಕ್ಲೋರಿನ್ ಹಾಕಿದರೆ ಅದು ಮೊದಲು ಆ ಎಲೆಯ ಅಂಶಕ್ಕೇ ಖರ್ಚಾಗುತ್ತದೆ, ಉಳಿದದ್ದು ಮಾತ್ರ ರೋಗಾಣುವಿಗೆ ಸಿಗುತ್ತದೆ. ಆ ಮೊದಲ ಖರ್ಚಿಗೆ ಅವರು 'ಕ್ಲೋರಿನ್ ಬೇಡಿಕೆ' ಎಂದು ಹೆಸರಿಟ್ಟಿದ್ದಾರೆ. ಆ ಪ್ರಕ್ರಿಯೆಯಲ್ಲಿ ಕ್ಲೋರೋಫಾರಂನಂಥ ಬೇಡದ ಪದಾರ್ಥಗಳೂ ಹುಟ್ಟುತ್ತವೆ.

ಬೆರಕೆಯ ಅಪಾಯ ಗಿಡಮೂಲಿಕೆಗಳದ್ದಷ್ಟೇ ಎಂದು ಹೇಳಿದರೆ ಪಕ್ಷಪಾತವಾದೀತು. ಹೈಪೋಕ್ಲೋರೈಟಿನ ನಿತ್ಯದ ಸಂಗಾತಿಯಾದ ಇಡಿಟಿಎಯನ್ನೇ ಅದಕ್ಕೆ ಬೆರೆಸಿದರೆ ಕ್ಲೋರಿನ್ ಬಹುತೇಕ ಇಲ್ಲವಾಗುತ್ತದೆ, ಅಂಗಾಂಶ ಕರಗಿಸುವ ಶಕ್ತಿ ನಿಂತುಹೋಗುತ್ತದೆ ಎಂದು ಸ್ವಿಟ್ಜರ್ಲೆಂಡಿನ ಸಂಶೋಧಕರು 2003ರಲ್ಲಿ ತೋರಿಸಿದರು. ಅದಕ್ಕೇ ವೈದ್ಯರು ಒಂದಾದ ಮೇಲೆ ಒಂದನ್ನು ಹಾಯಿಸುತ್ತಾರೆ, ಬೆರೆಸುವುದಿಲ್ಲ. ಕ್ಲೋರ್‌ಹೆಕ್ಸಿಡಿನ್ ಕತೆ ಇನ್ನೂ ಪಾಠದಂತಿದೆ. ಅದು ಒಳ್ಳೆಯ ಸೋಂಕುನಿವಾರಕ, ತಟ್ಟೆಯ ಮೇಲೂ ಹಲ್ಲಿನ ತುಣುಕಿನ ಮೇಲೂ ಸಾಮರ್ಥ್ಯ ತೋರಿಸಿದ್ದು. ಹೈಪೋಕ್ಲೋರೈಟಿನ ಜೊತೆ ಅದನ್ನೂ ಬಳಸಿದರೆ ಲಾಭ ಇಮ್ಮಡಿಯಾಗಬೇಕೆಂದು ಯಾರಿಗಾದರೂ ಅನ್ನಿಸುತ್ತದೆ. ಲಂಡನ್ನಿನಲ್ಲಿ ಇಂಗ್ ಮತ್ತು ಗುಲಾಬಿವಾಲಾ ತಂಡ ಚಿಕಿತ್ಸೆ ಪಡೆದ ಹಲ್ಲುಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ 2011ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲಿ, ಹೆಚ್ಚುವರಿಯಾಗಿ ಕ್ಲೋರ್‌ಹೆಕ್ಸಿಡಿನ್ ಬಳಸಿದ ಹಲ್ಲುಗಳು ವಾಸಿಯಾಗುವ ಸಂಭವ ಕಡಿಮೆ ಇತ್ತು.  ಎರಡು ದ್ರಾವಣಗಳು ಸಂಧಿಸಿದಾಗ ಕಂದು ಬಣ್ಣದ ಗಷ್ಟು ಕೂಡುತ್ತದೆ, ಅದು ಸೂಕ್ಷ್ಮ ಕೊಳವೆಗಳ ಬಾಯಿ ಮುಚ್ಚಿರಬಹುದು ಎಂಬುದು ಒಂದು ವಿವರಣೆ. ವಿವರಣೆ ಏನೇ ಇರಲಿ, ತಟ್ಟೆಯಲ್ಲಿ ಗೆದ್ದ ಎರಡು ಔಷಧಗಳು ಬೇರಿನೊಳಗೆ ಒಟ್ಟಿಗೆ ಸೋತ ದಾಖಲೆ ನಮ್ಮ ಮುಂದಿದೆ. ಇದಕ್ಕೆ ಪ್ರತಿಯಾಗಿ ಎಟಿಡ್ರೋನೇಟ್ ಎಂಬ ಲವಣವನ್ನು ನೋಡಿ. ಕ್ಯಾಲ್ಸಿಯಂ ಹಿಡಿಯುವುದರಲ್ಲಿ ಅದು ಇಡಿಟಿಎಗಿಂತ ಬಡವ. ಆದರೂ ಅದನ್ನು ಹೈಪೋಕ್ಲೋರೈಟಿಗೆ ಬೆರೆಸುತ್ತಾರೆ, ಏಕೆಂದರೆ ಒಂದು ಗಂಟೆಯ ಮಟ್ಟಿಗಾದರೂ ಕ್ಲೋರಿನ್ ಅದನ್ನು ತಿನ್ನುವುದಿಲ್ಲ, ಅದೂ ಕ್ಲೋರಿನ್ನನ್ನು ತಿನ್ನುವುದಿಲ್ಲ. ಒಳ್ಳೆಯ ಬೆರಕೆಗೆ ಬೇಕಾದ ಮೊದಲ ಅರ್ಹತೆ ಈ ಸಹಬಾಳ್ವೆ. ಕೊಲ್ಲುವ ಶಕ್ತಿ ಆಮೇಲಿನದು.

ಗಿಡಮೂಲಿಕೆಯ ಪರ ಮಾತನಾಡುವವರು ಎತ್ತುವ ಆಕ್ಷೇಪಗಳಲ್ಲಿ ಅತ್ಯಂತ ಗಟ್ಟಿಯಾದದ್ದು ಸುರಕ್ಷತೆಯದು. ಹೈಪೋಕ್ಲೋರೈಟ್ ಬೇರಿನ ಹೊರಗೆ ಹೋದರೆ ಅನಾಹುತ, ಕಷಾಯ ಹೋದರೆ ಏನಾಯಿತು ಎನ್ನುತ್ತಾರೆ. ಅನಾಹುತದ ಭಯ ನಿಜ, ಅದನ್ನು ಹಗುರ ಮಾಡಬಾರದು. ಆದರೆ ಅದು ಆಗುವುದು ಸೂಜಿ ನಾಳದಲ್ಲಿ ಕಚ್ಚಿಕೊಂಡಾಗ, ಒತ್ತಡ ಹೆಚ್ಚಾದಾಗ. ಪಕ್ಕದಲ್ಲಿ ಬಾಯಿರುವ ಸೂಜಿ ಬಳಸಿ, ತುದಿಗಿಂತ ಸ್ವಲ್ಪ ಮೇಲೆಯೇ ನಿಂತು, ನಿಧಾನವಾಗಿ ಹಾಯಿಸುವುದು ಅದಕ್ಕೆ ನೇರ ಪರಿಹಾರ. ಸಾಂದ್ರತೆ ಇಳಿಸಲೂ ಅವಕಾಶವಿದೆ. ಹರಿಯಾಣದ ರೋಹ್ಟಕ್‌ನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಚಿಕಿತ್ಸಾ ಪ್ರಯೋಗದಲ್ಲಿ 5 ಶೇಕಡ ಮತ್ತು 1 ಶೇಕಡ ಹೈಪೋಕ್ಲೋರೈಟ್ ಬಳಸಿದ ಹಲ್ಲುಗಳು ವಾಸಿಯಾಗುವುದರಲ್ಲಿ ಸಂಖ್ಯಾಶಾಸ್ತ್ರ ಒಪ್ಪುವಂಥ ವ್ಯತ್ಯಾಸ ಕಾಣಲಿಲ್ಲ. ಇನ್ನು ಕಷಾಯ ಹೊರಗೆ ಹೋದರೆ ಏನೂ ಆಗದು ಎಂಬ ನಂಬಿಕೆ. ಬಾಯಿಂದ ನುಂಗಿದ ಎಲೆಗೆ ಜಠರ, ಕರುಳು ಇವೆ. ಬೇರಿನ ತುದಿಯ ಮೂಳೆಯೊಳಗೆ ಅವಿಲ್ಲ. ಸಸ್ಯಕೋಶದ ಗೋಡೆ ಸೆಲ್ಯುಲೋಸಿನದು, ಅದನ್ನು ಜೀರ್ಣಿಸುವ ಕಿಣ್ವ ಮನುಷ್ಯನ ದೇಹದಲ್ಲಿಲ್ಲ. ಬೇರಿನಾಚೆ ಸೇರಿದ ಬೇಳೆಕಾಳಿನ ಚೂರು, ಹತ್ತಿ, ನಾಳ ಒಣಗಿಸುವ ಕಾಗದದ ಕಡ್ಡಿಯ ನಾರು ಇವುಗಳ ಸುತ್ತ ದೇಹ ವರ್ಷಗಟ್ಟಲೆ ಹೋರಾಡಿ ಗಂಟು ಕಟ್ಟಿಕೊಂಡ ಪ್ರಕರಣಗಳು ರೋಗಶಾಸ್ತ್ರದ ಪುಸ್ತಕಗಳಲ್ಲಿವೆ, ಬೇಳೆಕಾಳಿನಿಂದಾದ ಗಂಟಿಗೆ 'ಪಲ್ಸ್ ಗ್ರ್ಯಾನುಲೋಮಾ' ಎಂಬ ಹೆಸರೂ ಇದೆ. ಸರಿಯಾಗಿ ಸೋಸದ ಕಷಾಯದಲ್ಲಿ ಅಂಥ ಕಣಗಳಿಲ್ಲ ಎಂದು ಯಾರು ಹೊಣೆ ಹೊರುತ್ತಾರೆ? ಬಣ್ಣದ ಮಾತೂ ಇದೆ. ಟ್ಯಾನಿನ್ನು ಕಬ್ಬಿಣದ ಜೊತೆ ಸೇರಿದರೆ ಕಪ್ಪು. ಅಳಲೆಕಾಯಿಯಿಂದ ನಮ್ಮಲ್ಲಿ ಶಾಯಿ ಮಾಡುತ್ತಿದ್ದದ್ದು ಇದೇ ಗುಣದಿಂದ. ಮುಂದಿನ ಹಲ್ಲೊಂದು ಒಳಗಿನಿಂದ ಕಪ್ಪಾದರೆ ಅಥವಾ ಅರಿಸಿನದ ಹಳದಿ ಹಿಡಿದರೆ ಅದೂ ರೋಗಿಗೆ ನೋವೇ.

ಪರಂಪರೆಯ ಹೆಸರಿನ ಆಕ್ಷೇಪ ಇನ್ನೊಂದು. ಆಯುರ್ವೇದದಲ್ಲಿ ಗಂಡೂಷ, ಕವಲ ಎಂದು ಬಾಯಿ ತುಂಬಿಕೊಳ್ಳುವ, ಮುಕ್ಕಳಿಸುವ ವಿಧಿಗಳಿವೆ. ಹಳ್ಳಿಗಳಲ್ಲಿ ಬೇವಿನ ಕಡ್ಡಿ ಜಗಿದು ಹಲ್ಲುಜ್ಜಿದ ತಲೆಮಾರುಗಳಿವೆ. ಇಷ್ಟು ದಿನದ ಅನುಭವಕ್ಕೆ ಬೆಲೆ ಇಲ್ಲವೇ ಎಂದು ಕೇಳುತ್ತಾರೆ. ಖಂಡಿತ ಇದೆ, ಆ ಅನುಭವ ನಡೆದ ಜಾಗದಲ್ಲಿ. ಒಸಡು, ನಾಲಿಗೆ, ಹಲ್ಲಿನ ಹೊರಮೈ ಇವೆಲ್ಲ ರಕ್ತ ಓಡಾಡುವ ಅಥವಾ ಜೊಲ್ಲು ಹರಿಯುವ, ದಿನಕ್ಕೆರಡು ಸಲ ಮತ್ತೆ ತೊಳೆಯಬಹುದಾದ ಜಾಗಗಳು. ಬೇರುನಾಳ ತಿರುಳು ಸತ್ತ, ರಕ್ಷಣಾ ಕೋಶಗಳು ತಲುಪದ, ಒಮ್ಮೆ ತುಂಬಿ ಮುಚ್ಚಿದರೆ ಮತ್ತೆ ತೆರೆಯಬಾರದ ಗುಹೆ. ಹಳೆಯ ವೈದ್ಯರಿಗೆ ಆ ಗುಹೆಯೊಳಗೆ ಹೋಗಲು ಸಲಕರಣೆಯೇ ಇರಲಿಲ್ಲ. ಅಲ್ಲಿನ ಬಗ್ಗೆ ಅವರು ಹೇಳದ ಮಾತನ್ನು ಅವರ ಬಾಯಲ್ಲಿ ಇಡುವುದು ಗೌರವವಲ್ಲ. ಜೊತೆಗೆ ಗಿಡಮೂಲಿಕೆಯ ಪ್ರಮಾಣದ ಪ್ರಶ್ನೆಯೂ ಬಗೆಹರಿಯಬೇಕು. ಹೈಪೋಕ್ಲೋರೈಟ್ ಸೀಸೆಯ ಮೇಲೆ 3 ಅಥವಾ 5.25 ಶೇಕಡ ಎಂದು ಬರೆದಿರುತ್ತದೆ. ಚಾಮರಾಜನಗರದ ಅರಿಸಿನಕ್ಕೂ ಬೇರೆ ನೆಲದ ಅರಿಸಿನಕ್ಕೂ, ಈ ವರ್ಷದ ಕೊಯ್ಲಿಗೂ ಹಿಂದಿನದಕ್ಕೂ ಕರ್ಕ್ಯುಮಿನ್ ಒಂದೇ ಅಲ್ಲ. ಯಾವ ಅಣು, ಎಷ್ಟು ಎಂದು ಗೊತ್ತಿಲ್ಲದ ದ್ರಾವಣದ ಬಗ್ಗೆ ಇನ್ನೊಂದು ಊರಿನ ವೈದ್ಯರು ಏನನ್ನೂ ಕಲಿಯಲಾರರು.

ಇಷ್ಟು ಹೇಳಿದ ಮೇಲೆ ಇದು ಗಿಡಗಳ ವಿರುದ್ಧದ ಮಾತು ಎಂದು ಯಾರೂ ತಿಳಿಯಬಾರದು. ರೂಟ್ ಕೆನಾಲ್ ಚಿಕಿತ್ಸೆ ಮೊದಲಿನಿಂದಲೂ ಗಿಡಗಳ ಋಣದಲ್ಲಿದೆ. ತೊಳೆದ ನಾಳವನ್ನು ತುಂಬುವ ಗಟ್ಟಾ-ಪರ್ಚಾ ಮಲಯ ನಾಡಿನ ಮರದ ಹಾಲು, 1867ರಿಂದ ಈ ಕೆಲಸದಲ್ಲಿದೆ. ಅದನ್ನು ಗೋಡೆಗೆ ಕೂರಿಸುವ ಹಳೆಯ ಸೀಲರುಗಳಲ್ಲಿ ಲವಂಗದ ಯೂಜಿನಾಲ್ ಸತುವಿನ ಆಕ್ಸೈಡಿನೊಡನೆ ಸೇರಿ ಗಟ್ಟಿಯಾಗುತ್ತದೆ. ಚಿಕಿತ್ಸೆ ಕೆಟ್ಟು ಮತ್ತೆ ತೆರೆಯಬೇಕಾದಾಗ ಗಟ್ಟಾ-ಪರ್ಚಾವನ್ನು ಕರಗಿಸಲು ಕ್ಲೋರೋಫಾರಂ ಬದಲು ಕಿತ್ತಳೆ ಸಿಪ್ಪೆಯ ಎಣ್ಣೆ, ನೀಲಗಿರಿ ಎಣ್ಣೆ ಬಳಕೆಗೆ ಬಂದಿವೆ. ಇವು ಯಾವುವೂ 'ನೈಸರ್ಗಿಕ' ಎಂಬ ಬಿರುದಿನಿಂದ ಒಳಗೆ ಬಂದವಲ್ಲ, ಆ ಅಣುವಿನ ಗುಣ ಆ ಕೆಲಸಕ್ಕೆ ಹೊಂದಿತ್ತು. ತೊಳೆಯುವ ಹಂತದಲ್ಲೂ ಅಂಥ ಒಂದು ಜಾಗ ನನಗೆ ಕಾಣುತ್ತದೆ, ಅದೂ ಮೇಲೆ ದೋಷವೆಂದು ಹೇಳಿದ ಗುಣದಲ್ಲೇ. ಹೈಪೋಕ್ಲೋರೈಟ್ ಕೆಲಸ ಮುಗಿಸಿ ಹೋದ ಮೇಲೆ ಡೆಂಟಿನ್ನಿನಲ್ಲಿ ಅದರ ಆಕ್ಸಿಡೀಕರಣದ ಶೇಷ ಉಳಿಯುತ್ತದೆ. ಆಮೇಲೆ ಹಚ್ಚುವ ರೆಸಿನ್ ಅಂಟು ಆ ಶೇಷದಿಂದಾಗಿ ಸರಿಯಾಗಿ ಗಟ್ಟಿಯಾಗುವುದಿಲ್ಲ, ಹಿಡಿತ ಸಡಿಲವಾಗುತ್ತದೆ. ಚೆನ್ನೈ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹೈಪೋಕ್ಲೋರೈಟ್ ಹಾಯಿಸಿದ ಬೇರಿನ ಡೆಂಟಿನ್ನಿಗೆ ದ್ರಾಕ್ಷಿಬೀಜದಲ್ಲಿ ಹೇರಳವಾಗಿರುವ ಪ್ರೊಆಂಥೊಸಯನಿಡಿನ್ ಸವರಿದಾಗ ಅಂಟಿನ ಹಿಡಿತ ಮರಳಿ ಬಂತು. ಕೊಲಾಜನ್ ಎಳೆಗಳನ್ನು ಒಂದಕ್ಕೊಂದು ಹೆಣೆದು ಬಿಗಿ ಮಾಡುವ ಶಕ್ತಿಯೂ ಈ ಅಣುವಿಗಿದೆ. ಬ್ಲೀಚಿನ ಜೊತೆ ಬೆರೆಸಿದರೆ ಬ್ಲೀಚನ್ನು ಕೊಲ್ಲುವ ಪಾಲಿಫಿನಾಲು, ಬ್ಲೀಚ್ ಮುಗಿದ ಮೇಲೆ ಬಂದರೆ ಅದರ ಉಳಿಕೆಯನ್ನು ಗುಡಿಸುತ್ತದೆ. ಆ ಎರಡರ ನಡುವೆ ಬದಲಾದದ್ದು ಸರದಿ ಮಾತ್ರ. ಕರ್ಕ್ಯುಮಿನ್ನಿಗೂ ಹೀಗೆ ಒಂದು ಸ್ವಂತ ದಾರಿ ತೆರೆಯುತ್ತಿರಬಹುದು. ಅದು ನೀಲಿ ಬೆಳಕನ್ನು ಹೀರುತ್ತದೆ, ದಂತವೈದ್ಯರ ಕೈಯಲ್ಲಿ ನೀಲಿ ಬೆಳಕಿನ ದೀಪ ಈಗಾಗಲೇ ಇದೆ, ಹೀರಿದ ಬೆಳಕಿನಿಂದ ಹುಟ್ಟುವ ಕ್ರಿಯಾಶೀಲ ಆಮ್ಲಜನಕ ಲೋಳೆಪದರವನ್ನು ಹೊಡೆಯುತ್ತದೆ. ಪ್ರಸನ್ನ ನೀಲಕಂಠನ್ ಮತ್ತು ಸಹೋದ್ಯೋಗಿಗಳು ಕಿತ್ತ ಹಲ್ಲುಗಳಲ್ಲಿ ಇದನ್ನು ತೋರಿಸಿದ್ದಾರೆ. ಹಳದಿ ಕಲೆಯ ತೊಡಕು ಅಲ್ಲೂ ಬಗೆಹರಿಯಬೇಕು.

ಅಂತಿಮವಾಗಿ ತೀರ್ಪು ಕೊಡಬೇಕಾದದ್ದು ರೋಗಿಯ ಎಕ್ಸ್‌ರೇ. ಬೇರಿನ ತುದಿಯ ಕಪ್ಪು ಕಲೆ ಮತ್ತೆ ಮೂಳೆಯಾಗಿ ಬೆಳ್ಳಗಾಗಲು ಒಂದು ವರ್ಷ ಬೇಕು, ಕೆಲವೊಮ್ಮೆ ನಾಲ್ಕು. ಅಂಥ ಪ್ರಯೋಗ ದುಬಾರಿ, ನಿಧಾನ, ಸ್ನಾತಕೋತ್ತರ ವಿದ್ಯಾರ್ಥಿಯ ಮೂರು ವರ್ಷದಲ್ಲಿ ಮುಗಿಸುವುದು ಕಷ್ಟ. ಆದರೆ ಅದಕ್ಕೂ ಮೊದಲು ಮಾಡಬಹುದಾದ, ಪದವಿಪೂರ್ವ ಕಾಲೇಜಿನ ಪ್ರಯೋಗಶಾಲೆಯಲ್ಲೂ ಆಗುವ ಒಂದು ಪರೀಕ್ಷೆ ಇದೆ. ಹೈಪೋಕ್ಲೋರೈಟಿಗೆ ಉದ್ದೇಶಿತ ಸಾರವನ್ನು ಬೆರೆಸಿ, ಹದಿನೈದು ನಿಮಿಷ ಬಿಟ್ಟು, ಆಮ್ಲ ಮತ್ತು ಪೊಟ್ಯಾಸಿಯಂ ಅಯೋಡೈಡ್ ಹಾಕಬೇಕು. ಉಳಿದ ಕ್ಲೋರಿನ್ ಎಷ್ಟಿದೆಯೋ ಅಷ್ಟು ಅಯೋಡಿನ್ ಹೊರಬರುತ್ತದೆ. ಅದಕ್ಕೆ ಬ್ಯೂರೆಟ್ಟಿನಿಂದ ಥಯೋಸಲ್ಫೇಟ್ ಹನಿಸುತ್ತ, ಕಂದು ಬಣ್ಣ ತಿಳಿ ಹಳದಿಗಿಳಿದಾಗ ಗಂಜಿಯ ತಿಳಿ ಸೇರಿಸಿ, ಕಡುನೀಲಿ ಅಳಿಯುವ ತನಕ ಎಷ್ಟು ಮಿಲಿಲೀಟರ್ ಹಿಡಿಯಿತೆಂದು ಓದಿಕೊಳ್ಳಬೇಕು. ಪಕ್ಕದಲ್ಲಿ ಏನೂ ಬೆರೆಸದ ಹೈಪೋಕ್ಲೋರೈಟಿನ ಇನ್ನೊಂದು ಫ್ಲಾಸ್ಕ್ ಇಟ್ಟು ಅದಕ್ಕೂ ಹೀಗೇ ಮಾಡಬೇಕು. ಎರಡು ಅಂಕಿಗಳ ನಡುವಿನ ವ್ಯತ್ಯಾಸವೇ ಆ ಗಿಡ ತಿಂದ ಕ್ಲೋರಿನ್. ನೂರು ಕಿತ್ತ ಹಲ್ಲುಗಳನ್ನು ಸಂಗ್ರಹಿಸಿ, ಕೊಯ್ದು, ಬ್ಯಾಕ್ಟೀರಿಯಾ ಬೆಳೆಸುವ ಮುನ್ನ ಆ ಒಂದು ಅಂಕಿಯನ್ನು ಬರೆದಿಟ್ಟುಕೊಳ್ಳಲು ಅರ್ಧ ಮಧ್ಯಾಹ್ನ ಸಾಕು.